ಎರಡು ದಿನದ ಸ್ಟೂಲು

ನಾನು ಒಂದು ಸ್ಟೂಲು. ಬೇವಿನ ಮರದ್ದು. ನಾಲ್ಕು ಕಾಲು, ಮೇಲೊಂದು ದುಂಡನೆಯ ಹಲಗೆ, ಅಷ್ಟೇ ನನ್ನ ಸಂಸಾರ. ಕೈಯಿಲ್ಲ, ಬೆನ್ನಿಲ್ಲ. ನನ್ನ ಮೇಲೆ ಕೂತವರು ಒರಗುವಂತಿಲ್ಲ, ತೂಕಡಿಸುವಂತಿಲ್ಲ. ಹಾಗಾಗಿ ಸರಕಾರಿ ಕೆಲಸದಲ್ಲಿ ಯಾರು ಎಚ್ಚರವಾಗಿದ್ದರೋ ಬಿಟ್ಟರೋ, ನನ್ನ ಮೇಲೆ ಕೂತವರು ಮಾತ್ರ ಎಚ್ಚರವಾಗಿಯೇ ಇದ್ದರು ಎಂದು ಎದೆ ತಟ್ಟಿ ಹೇಳುತ್ತೇನೆ. ಎದೆಯೂ ಇಲ್ಲ ಅನ್ನಿ, ಮಾತಿಗೆ ಹೇಳಿದೆ.

ಹುಟ್ಟಿದ್ದು ಗದಗ ಸೀಮೆಯ ಕಲ್ಲಹೊಂಡ ಎಂಬ ಊರಿನಲ್ಲಿ, ಕಾಳಪ್ಪ ಬಡಿಗೇರರ ಅಂಗಳದಲ್ಲಿ. ಊರಿನ ಸರಕಾರಿ ಪ್ರೌಢಶಾಲೆಗೆ ಆಗ ಹೊಸದಾಗಿ ವಿಜ್ಞಾನದ ಪ್ರಯೋಗಶಾಲೆ ಬಂದಿತ್ತು. ಕಡಪಾ ಕಲ್ಲಿನ ಕಟ್ಟೆ ಕಟ್ಟಿಸಿದ್ದರು. ಕಟ್ಟೆಯ ಮುಂದೆ ಮಕ್ಕಳು ಕೂರಲು ಸ್ಟೂಲು ಬೇಕೆಂದು ಕಾಳಪ್ಪನವರಿಗೆ ಹೇಳಿ ಕಳಿಸಿದರು.

"ಎಷ್ಟ ಎತ್ತರ ಇರಬೇಕ್ರಿ?" ಎಂದು ಕಾಳಪ್ಪ ಕೇಳಿದರು.

"ಕಟ್ಟಿ ಐತಲ್ಲಪ್ಪ, ಅದಕ್ಕ ತಕ್ಕಂಗ ಮಾಡು" ಎಂದರು ಆಗಿನ ಹೆಡ್ ಮಾಸ್ತರರು.

ಕಾಳಪ್ಪ ಕಟ್ಟೆಯ ಹತ್ತಿರ ಹೋಗಿ, ಇಟ್ಟಿಗೆ ಪೇರಿಸಿ ತಾವೇ ಕೂತು ಅಳತೆ ನೋಡಿದರು. ಆತ ಬಾಗಿಲಿಗೆ ಬಗ್ಗಿ ಬರುವಂಥ ಆಳು. ತಮ್ಮ ಕಾಲಿಗೆ ಹಿತವಾದ ಎತ್ತರವನ್ನೇ ನಮಗೆಲ್ಲ ಇಟ್ಟರು. ಹಾಗಾಗಿ ಎಂಟನೇ ತರಗತಿಯ ಮಕ್ಕಳು ನನ್ನ ಮೇಲೆ ಕೂರಬೇಕಾದರೆ ಮೊದಲು ಅಡ್ಡಪಟ್ಟಿಯ ಮೇಲೆ ಕಾಲಿಟ್ಟು, ಎತ್ತಿನ ಗಾಡಿ ಹತ್ತಿದಂತೆ ಹತ್ತಬೇಕಿತ್ತು. ಹತ್ತಿ ಕೂತ ಮೇಲೆ ಇಳಿಯಲು ಹೆದರಿ, ಗಂಟೆ ಹೊಡೆದರೂ ಅಲ್ಲೇ ಇರುತ್ತಿದ್ದರು. "ವಿಜ್ಞಾನದ ಮ್ಯಾಲ ಹುಡುಗುರಿಗೆ ಎಷ್ಟು ಪ್ರೀತಿ ನೋಡ್ರಿ" ಎಂದು ವಿಜ್ಞಾನದ ಮಾಸ್ತರರು ಹಿಗ್ಗುತ್ತಿದ್ದರು.

ಆ ಮಾಸ್ತರರಿಗೆ ಒಂದು ದಿನ ವರ್ಗವಾಯಿತು. ಅವರ ಜಾಗಕ್ಕೆ ಬರುತ್ತಾರೆ, ಬರುತ್ತಾರೆ ಎಂದರು, ಯಾರೂ ಬರಲಿಲ್ಲ. ಪ್ರಯೋಗಶಾಲೆಗೆ ಬೀಗ ಬಿತ್ತು. ನಾನೂ ನನ್ನ ಒಡಹುಟ್ಟಿದವರೂ, ಗಾಜಿನ ಶೀಶೆಯೊಳಗೆ ಸುರುಳಿ ಸುತ್ತಿಕೊಂಡಿದ್ದ ಒಂದು ಹಾವೂ ಕತ್ತಲೆಯಲ್ಲಿ ಉಳಿದೆವು. ಧೂಳು ತಿಂದುಕೊಂಡು ಬಹಳ ಕಾಲ ಕಳೆದೆವು.

ಒಂದು ದಿನ ಬೀಗ ತೆಗೆದ ಸದ್ದಾಯಿತು. ಒಳಗೆ ಬಂದವನು ಶಾಲೆಯ ಸಿಪಾಯಿ ದಸ್ತಗೀರಸಾಬ. ಅವನೂ ಕಾಳಪ್ಪನಷ್ಟೇ ಉದ್ದ. ನಮ್ಮನ್ನೆಲ್ಲ ಒಂದೊಂದಾಗಿ ಅಲುಗಾಡಿಸಿ ನೋಡಿ, ಅಲುಗದ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡ. ನನ್ನ ಬಾಳು ತಿರುಗಿದ್ದು ಹಾಗೆ.

ಆದದ್ದೇನೆಂದರೆ, ಹೆಡ್ ಮಾಸ್ತರರು ಹಿಂದಿನ ದಿನ ನಿವೃತ್ತರಾಗಿದ್ದರು. ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ಮನೆಗೆ ಹೋಗಿದ್ದರು. ಅವರ ಜಾಗಕ್ಕೆ ಯಾರ ಹೆಸರೂ ಬಂದಿರಲಿಲ್ಲ. ಇದ್ದವರಲ್ಲಿ ಸೇವೆಯಲ್ಲಿ ಹಿರಿಯರಾದ ಅನಸೂಯಾ ಹೂಗಾರ ಎಂಬ ಗಣಿತದ ಅಕ್ಕೋರಿಗೆ ಪ್ರಭಾರ ಕೊಟ್ಟಿದ್ದರು. ಪ್ರಭಾರ ಎಂದರೆ ಗೊತ್ತಲ್ಲ, ಕೆಲಸ ಪೂರ್ತಿ ಹೆಡ್ ಮಾಸ್ತರರದು, ಹೆಸರು ಮಾತ್ರ ಹಳೆಯದೇ. ಬಡ್ತಿಯ ಆರ್ಡರು ಬಂದ ಮೇಲೆ ಹೆಸರೂ ಬರುತ್ತದೆ.

ಅಕ್ಕೋರು ಗಿಡ್ಡಗೆ, ದುಂಡಗೆ ಇದ್ದರು. ಮೂಗಿನ ತುದಿಗೆ ಕನ್ನಡಕ. ಅಂದು ಹೆಡ್ ಮಾಸ್ತರರ ಖೋಲಿಗೆ ಬಂದು, ಬೆತ್ತ ಹೆಣೆದ, ಬೆನ್ನಿಗೆ ಬಿಳಿ ಟವೆಲ್ಲು ಹೊದ್ದ ದೊಡ್ಡ ಸಾಗವಾನಿ ಕುರ್ಚಿಯ ಮೇಲೆ ಇನ್ನೇನು ಕೂರಬೇಕು, ದಸ್ತಗೀರಸಾಬ ಅಡ್ಡ ನಿಂತಿದ್ದನಂತೆ.

"ಅಕ್ಕೋರ, ಅದೊಂದರ ಮ್ಯಾಲ ಮಾತ್ರ ಕುಂದರಬ್ಯಾಡ್ರಿ. ಆರ್ಡರ್ ಬರೂ ಮೊದ್ಲ ಚಾರ್ಜಿನವ್ರು ಅದರಾಗ ಕುಂತ್ರ ಆರ್ಡರ್ ಬರೂದಿಲ್ಲ."

"ಇದಕ್ಕೇನ ಆಧಾರ ಐತಿ ದಸ್ತಗೀರಸಾಬ?" ಗಣಿತದವರಲ್ಲವೇ, ಆಧಾರ ಕೇಳಿದರು.

"ಆಧಾರ ಇಲ್ರಿ, ಬೆಟಗೇರಿ ಮಾಸ್ತರು ಅದಾರ್ರಿ. ಹಿಂದ ಚಾರ್ಜು ಬಂದ ದಿನಾನ ಅವರು ಕುಂತಬಿಟ್ರು. ಆರ್ಡರು ಗದಗಿನ ತನಕಾ ಬಂದು ಹೊಳ್ಳಿ ಹೋತು. ಚಾರ್ಜಿನ್ಯಾಗ ಇದ್ದು ಚಾರ್ಜಿನ್ಯಾಗ ರಿಟೈರ್ ಆದ್ರು. ಕೇಳ್ರಿ ಬೇಕಾದ್ರ, ಊರ ಅಗಸಿ ಬಾಗಲದಾಗ ಕುಂತಿರ್ತಾರ."

ಅಕ್ಕೋರಿಗೆ ಇಂಥದರಲ್ಲೆಲ್ಲ ನಂಬಿಕೆಯಿರಲಿಲ್ಲ. ಆದರೂ ಯಾಕೆ ಬೇಕು ಉಸಾಬರಿ ಎಂದುಕೊಂಡರು. ಉಳಿದ ಮಾಸ್ತರರ ಕೋಣೆಯಲ್ಲಿ ಇದ್ದ ಕುರ್ಚಿಗಳು ಇದ್ದವರಿಗೇ ಸಾಲುತ್ತಿರಲಿಲ್ಲ.

"ಮತ್ತ ಎಲ್ಲಿ ಕುಂದರ್ಲಿ?"

"ಪ್ರಯೋಗಶಾಲಿ ಒಳಗ ಸ್ಟೂಲ ಅದಾವ್ರಿ."

"ತಂದಬಿಡು. ಎರಡ ದಿನದ ಮಾತು."

ಹಾಗೆ ನಾನು ಎರಡು ದಿನದ ಮಟ್ಟಿಗೆ ಹೆಡ್ ಮಾಸ್ತರರ ಖೋಲಿಗೆ ಬಂದೆ.

ನನ್ನ ಎತ್ತರ ಮರೆತಿರಾ? ಅಕ್ಕೋರು ಹತ್ತಿ ಕೂತಾಗ ಟೇಬಲ್ಲು ಎಲ್ಲೋ ಕೆಳಗೆ ಹೋಯಿತು. ಕಾಲು ನೆಲ ಮುಟ್ಟದೆ ಜೋತಾಡಿದವು. ಸಹಿ ಮಾಡಬೇಕಾದರೆ ಬಾವಿಗೆ ಬಗ್ಗಿ ನೀರು ಸೇದಿದಂತೆ ಬಗ್ಗಬೇಕಿತ್ತು. ಟವೆಲ್ಲು ಹೊದ್ದ ಸಾಗವಾನಿ ಕುರ್ಚಿ ಪಕ್ಕದಲ್ಲಿ ಗಿಡ್ಡಗೆ, ಬಿಮ್ಮಗೆ ಕೂತು ನನ್ನನ್ನು ಓರೆಗಣ್ಣಿನಿಂದ ನೋಡುತ್ತಿತ್ತು. ಹುದ್ದೆ ಇಲ್ಲದವರು ಹುದ್ದೆಗಿಂತ ಒಂದು ಮೊಳ ಮೇಲೆ ಕೂತಿದ್ದರು.

ವ್ಯಾಯಾಮದ ಮಾಸ್ತರರು ಗುಡಗೇರಿ ಸರ್ ಬಾಗಿಲಲ್ಲಿ ನಿಂತು ನೋಡಿ, ಕೊರಳಲ್ಲಿದ್ದ ಸೀಟಿ ಬಾಯಿಂದ ತೆಗೆದು ಹೇಳಿದರು: "ಏನ್ರೀ ಅಕ್ಕೋರ, ಹೊಲದಾಗ ಹಕ್ಕಿ ಕಾಯಾಕ ಮಂಚಿಗಿ ಹತ್ತಿದಂಗ ಕಾಣ್ತೀರಲ್ರಿ!"

"ಹಕ್ಕಿನ ಕಾಯಾಕತ್ತೀನಿ. ನಿಮ್ಮ ಒಂಬತ್ತನೇತ್ತಾದ ಹುಡುಗುರು ಗ್ವಾಡಿ ಹಾರಾಕತ್ತಾರ, ಓಡ್ರಿ ಮೊದ್ಲ" ಎಂದರು ಅಕ್ಕೋರು.

ನಿಜವೇ. ನನ್ನ ಮೇಲೆ ಕೂತರೆ ಎದುರಿನ ಕಿಟಕಿಯಿಂದ ಕಂಪೌಂಡಿನ ಗೋಡೆ, ನಲ್ಲಿ, ಎರಡು ತರಗತಿಯ ಬಾಗಿಲು ಎಲ್ಲ ಕಾಣುತ್ತಿದ್ದವು. ಆ ವಾರದಿಂದ ಗೋಡೆ ಹಾರುವ ಹುಡುಗರ ದಂಧೆ ನೆಲ ಕಚ್ಚಿತು.

ಎರಡು ದಿನ ಎರಡು ತಿಂಗಳಾಯಿತು. ಎರಡು ಬೇಸಿಗೆಯೂ ಆಯಿತು. ಆರ್ಡರು ಮಾತ್ರ ಬರಲಿಲ್ಲ. ಒಂದು ಮಧ್ಯಾಹ್ನ ಗುಡಗೇರಿ ಸರ್ ಪೇಪರು ಹಿಡಿದು ಬಂದರು. ಸರಕಾರ ಖರ್ಚು ಹಿಡಿಯಬೇಕೆಂದು ಹೊಸ ನೇಮಕಾತಿಯನ್ನೆಲ್ಲ ನಿಲ್ಲಿಸಿದೆ ಎಂಬ ಸುದ್ದಿ ಅದು.

"ಹೊಸಬರನ್ನ ತಗೊಳ್ಳೂದು ನಿಲ್ಲಿಸ್ಯಾರ. ನಂದು ಬಡ್ತಿ ಅಲ್ರಿ, ನಾ ಏನ ಹೊಸಬಾಕಿನ?" ಎಂದರು ಅಕ್ಕೋರು.

"ಖೋ ಖೋ ಆಡೀರೇನ್ರಿ ಅಕ್ಕೋರ?"

"ಸಣ್ಣಾಕಿದ್ದಾಗ ಆಡೀನಿ."

"ಖೋ ಕೊಟ್ಟಾವ ಏನ ಮಾಡ್ತಾನ? ಎದ್ದಾವನ ಜಾಗಾದಾಗ ಕುಂದರ್ತಾನ. ಈಗ ನಿಮ್ಮನ್ನ ಹೆಡ್ ಮಾಸ್ತರ ಅಂತ ಎಬ್ಬಿಸಿದ್ರ ನಿಮ್ಮ ಗಣಿತದ ಜಾಗಾದಾಗ ಒಬ್ರು ಕುಂದರಬೇಕೋ ಬ್ಯಾಡೋ? ಕುಂದರಾಕ ಯಾರನ್ನೂ ತಗೋಳಾಕ ಒಲ್ಲರು. ಅದಕ್ಕ ಖೋ ಕೊಡಾಕೂ ಒಲ್ಲರು. ಕುಂತಲ್ಲೇ ಕುಂತಿರ್ರಿ, ಆಟ ಬಂದ್ ಆಗೇತಿ."

ಅಕ್ಕೋರ ತೂಕ ಒಂದು ಕಡೆಗೆ ವಾಲಿದ್ದು ನನಗೆ ತಿಳಿಯಿತು. ಅವರಿಗೆ ನಿವೃತ್ತಿ ದೂರವಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಆಗಿನ ಹೆಡ್ ಮಾಸ್ತರರೊಬ್ಬರು, "ಹೆಣ್ಣುಮಗಳ ಕೈಯಾಗ ಶಾಲಿ ಕೊಟ್ರ ಒಂದ ವಾರ ನಡೀತೈತೇನು?" ಎಂದು ನಗಾಡಿದ್ದರಂತೆ. ಆ ಮಾತನ್ನು ಅಕ್ಕೋರು ಯಾರಿಗೂ ಹೇಳುತ್ತಿರಲಿಲ್ಲ. ಒಬ್ಬರೇ ಇದ್ದಾಗ ಗುನುಗುತ್ತಿದ್ದರು, ನಾನು ಕೇಳಿದ್ದೇನೆ. ವಾರವೇನು, ವರ್ಷಗಟ್ಟಲೆ ನಡೆಸಿದ್ದರು. ಆದರೆ ನಡೆಸಿದವಳು ಹೆಡ್ ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಎಂದು ಎಲ್ಲೂ ಬರೆದಿರಲಿಲ್ಲ. ಅದೊಂದು ಬರೆಯಬೇಕು, ನಿವೃತ್ತಿಯ ಒಳಗೆ ಬರೆಯಬೇಕು ಎಂಬುದು ಅವರ ಆಸೆ.

ಆಟ ಬಂದಾದ ಮೇಲೂ ನಿವೃತ್ತಿಗಳು ಬಂದಾಗಲಿಲ್ಲ. ಮೊದಲು ಗುಮಾಸ್ತರು ಹೋದರು. ಅವರ ಜಾಗಕ್ಕೆ ಯಾರೂ ಬರದೆ, ಅವರ ಕಪಾಟಿನ ಬೀಗದ ಕೈ ಅಕ್ಕೋರ ಸೊಂಟಕ್ಕೆ ಬಂತು. ಆಮೇಲೆ ಹಿಂದಿಯವರು ಹೋದರು. ಗುಡಗೇರಿ ಸರ್ ಸಿನಿಮಾ ನೋಡಿ ಕಲಿತಿದ್ದ ಹಿಂದಿಯನ್ನು ಮಕ್ಕಳಿಗೆ ಹಂಚತೊಡಗಿದರು. ಕೊನೆಗೆ ದಸ್ತಗೀರಸಾಬನ ಸರದಿ. ಅವನಿಗೆ ಹಾರ ಹಾಕಿ, ಪಟಗಾ ಸುತ್ತಿ, ಅಕ್ಕೋರು ಭಾಷಣ ಮುಗಿಸಿದಾಗ ಅವನು ಗಂಟೆಯ ಸುತ್ತಿಗೆಯನ್ನು ತಂದು ಅವರ ಕೈಯಲ್ಲಿಟ್ಟ.

"ನನ್ನ ಚಾರ್ಜೂ ನೀವ ತಗೋರಿ ಅಕ್ಕೋರ. ಮತ್ತ್ಯಾರದಾರ?"

ಗಂಟೆಯೆಂದರೆ ಜಂತಿಗೆ ತೂಗುಹಾಕಿದ ರೈಲು ಕಂಬಿಯ ತುಂಡು. ದಸ್ತಗೀರಸಾಬ ತನ್ನ ಕೈಯೆತ್ತರಕ್ಕೆ ಕಟ್ಟಿದ್ದ. ಮರುದಿನ ಬೆಳಿಗ್ಗೆ ಅಕ್ಕೋರು ಸುತ್ತಿಗೆ ಹಿಡಿದು ಅದರ ಕೆಳಗೆ ನಿಂತು ಒಂದೆರಡು ಸಲ ಹಾರಿ ನೋಡಿದರು. ಹುಡುಗಿಯರು ಕಿಸಕ್ಕೆಂದರು. ಆಗ ನನ್ನನ್ನು ಎಳೆದುಕೊಂಡು ಬಂದು, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ನನ್ನ ಮೇಲೆ ಹತ್ತಿ ನಿಂತು ಹೊಡೆದರು. ನೆತ್ತಿಯ ಮೇಲೆ ಠಣ್ ಎಂದಿತು. ಅಂದಿನಿಂದ ನನ್ನ ಮೇಲೆ ಕೂತವರಿಗಿಂತ ನಿಂತವರ ಕೆಲಸವೇ ಹೆಚ್ಚಾಯಿತು.

ಗಣಿತವನ್ನೂ ಅವರೇ ಹೇಳಬೇಕಲ್ಲ. ಖೋಲಿಯಲ್ಲಿ ಕೂತರೆ ತರಗತಿ ಹಾಳು, ತರಗತಿಯಲ್ಲಿ ನಿಂತರೆ ಖೋಲಿಯ ಫೋನು ಹಾಳು. ಲೆಕ್ಕ ಹಾಕಿ, ಖೋಲಿಗೂ ಹತ್ತನೇ ತರಗತಿಗೂ ನಡುವಿನ ಪಡಸಾಲೆಯಲ್ಲಿ ನನ್ನನ್ನಿಟ್ಟರು. ಎಡಗಡೆ ತಿರುಗಿದರೆ ಹೆಡ್ ಬಾಯಿ, ಬಲಗಡೆ ತಿರುಗಿದರೆ ಗಣಿತದ ಅಕ್ಕೋರು. ಮೇಲಿನ ಆಫೀಸಿನಿಂದ ಫೋನು ಬಂದರೆ ಹೀಗೆ ನಡೆಯುತ್ತಿತ್ತು:

"ಹೌದ್ರಿ ಸರ್, ಬಿಸಿಯೂಟದ ಬ್ಯಾಳಿ ಕಡಿಮಿ ಬಿದ್ದೈತ್ರಿ... ಏ, ಎಕ್ಸ್ ಎಷ್ಟ ಬಂತೋ?"

"ಎಕ್ಸ್ ಯಾವುದ್ರೀ? ಬ್ಯಾಳಿ ಎಷ್ಟು ಕಿಲೋ ಉಳದೈತಿ ಹೇಳ್ರಿ."

"ಮೈನಸ್ ಮೂರ್ರಿ ಸರ್" ಎಂದು ಹುಡುಗನ ಉತ್ತರವೇ ಅಕ್ಕೋರ ಬಾಯಿಂದ ಫೋನಿಗೆ ಹೋಯಿತು.

ಆ ತಿಂಗಳು ಕಲ್ಲಹೊಂಡಕ್ಕೆ ಬೇಳೆ ಎಂದಿಗಿಂತ ಬೇಗ ಬಂತು.

ಈಗ ಸಾವಂತ್ರವ್ವನ ವಿಷಯ ಹೇಳಬೇಕು. ಆಕೆ ಅಕ್ಕೋರ ತಾಯಿ. ಮನೆ ಶಾಲೆಯ ಹಿಂದೆಯೇ ಇತ್ತು. ಚಳಿಗಾಲದಲ್ಲಿ ಒಂದು ದಿನ ಕೋಲೂರಿಕೊಂಡು ಬಂದಳು, ಹೆಡ್ ಮಾಸ್ತರರ ಖೋಲಿಗೆ ನಡೆದಳು, ಟವೆಲ್ಲು ಸರಿಸಿ ಸಾಗವಾನಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತೇಬಿಟ್ಟಳು. ಉಡಿಯಲ್ಲಿದ್ದ ಶೇಂಗಾ ಟೇಬಲ್ಲಿಗೆ ಸುರಿದು ಸುಲಿಯತೊಡಗಿದಳು.

"ಯವ್ವಾ! ಏಳ ಮೊದ್ಲ! ಅದರಾಗ ಕುಂತ್ರ ಆರ್ಡರ್ ಬರೂದಿಲ್ಲಂತ!" ಪಡಸಾಲೆಯಿಂದ ಅಕ್ಕೋರು ಕೂಗಿದರು. ನಂಬಿಕೆಯಿಲ್ಲದವರು ಎಷ್ಟು ಜೋರಾಗಿ ಕೂಗಿದರು ನೋಡಿ.

"ನನಗ ಬರೂ ಆರ್ಡರ್ ಒಂದ ಉಳದೈತಿ. ಅದು ಸೀದಾ ಮ್ಯಾಲಿಂದ ಬರೂದು. ಬರಲಿಲ್ಲಂದ್ರ ಚಲೋನ ಆತಲ್ಲ" ಎಂದಳು ಸಾವಂತ್ರವ್ವ. ಆಮೇಲೆ ದಿನವೂ ಬರತೊಡಗಿದಳು. ಬಿಸಿಲು ಆ ಕುರ್ಚಿಯ ಮೇಲೇ ಬೀಳುತ್ತದೆಂಬುದು ಆಕೆಯ ನೆಪ.

ಹಾಗೆ ಆಕೆ ಕೂತಿದ್ದ ಒಂದು ದಿನ ಶಾಲಾ ತಪಾಸಣೆಗೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಅಂಗಡಿ ಸಾಹೇಬರು ಬಂದರು, ಹೇಳದೆ ಕೇಳದೆ. ಅಕ್ಕೋರು ಆಗ ನನ್ನ ಮೇಲೆ ನಿಂತು ಗಂಟೆ ಹೊಡೆಯುತ್ತಿದ್ದರು. ಸಿಪಾಯಿಯೋ ಯಾರೋ ಎಂದುಕೊಂಡು ಸಾಹೇಬರು ಅವರನ್ನು ದಾಟಿ ಒಳಗೆ ನಡೆದರು. ದೊಡ್ಡ ಕುರ್ಚಿ, ಅದರಲ್ಲಿ ನರೆತ ತಲೆಯ, ಕನ್ನಡಕದ ಹೆಂಗಸು. ಕೈ ಮುಗಿದರು.

"ನಮಸ್ಕಾರ್ರಿ ಮೇಡಂ."

"ನಮಸ್ಕಾರಪಾ. ಯಾರ ಪೈಕಿ ತಮ್ಮಾ ನೀನು?"

"ನಾನ್ರಿ ಶಿಕ್ಷಣಾಧಿಕಾರಿ... ಪ್ರಭಾರ." ಕೊನೆಯ ಮಾತು ಸಣ್ಣಗೆ ಬಂತು.

"ಅಂದ್ರ ನಿನಗೂ ಬಂದಿಲ್ಲ?"

"ಇಲ್ರಿ."

"ಪಾಪ! ಎಷ್ಟ ದಿನದಿಂದ?"

"ಬಾಳ ದಿನಾ ಆತ್ರಿ. ನಮ್ಮ ಮ್ಯಾಲಿನ ಸಾಹೇಬ್ರಿಗೂ ಬಂದಿಲ್ರಿ."

"ಎಲ್ಲಾರೂ ಬಂಜಿ ಹಂಗ ಆರ್ಡರ್ ಆರ್ಡರ್ ಅಂತ ಹರಕಿ ಹೊರೂದ ಆತಲ್ಲಪ್ಪ. ತಗೋ, ಶೇಂಗಾ ತಿನ್ನು."

ಸಾಹೇಬರು ಶೇಂಗಾ ತಗೊಂಡರು. ಆಕೆಯ ಮುಖವನ್ನೇ ಸಂಶಯದಿಂದ ನೋಡಿ, "ಅಲ್ರಿ ಮೇಡಂ, ವಯಸ್ಸು ಅರವತ್ತು ದಾಟಿದಂಗ ಕಾಣ್ತೈತಿ. ಇನ್ನೂ ಸರ್ವೀಸಿನ್ಯಾಗ ಅದೀರಿ?" ಎಂದರು.

"ಬಿಡಾವ್ರು ಯಾರಪ್ಪ" ಎಂದಳು ಸಾವಂತ್ರವ್ವ.

ಅಷ್ಟರಲ್ಲಿ ಅಕ್ಕೋರು ಸುತ್ತಿಗೆ ಹಿಡಿದುಕೊಂಡೇ ಓಡಿ ಬಂದರು. "ಸರ್, ಕ್ಷಮಾ ಮಾಡ್ರಿ. ನಾನ್ರಿ ಪ್ರಭಾರ ಮುಖ್ಯೋಪಾಧ್ಯಾಯಿನಿ. ಇಕಿ ನಮ್ಮವ್ವ. ಏಳ ಯವ್ವಾ, ಸಾಹೇಬ್ರು ಕುಂದರ್ಲಿ."

ಸಾವಂತ್ರವ್ವ ಎದ್ದಳು. ಸಾಹೇಬರು ಕುರ್ಚಿಯನ್ನು ನೋಡಿದರು, ಹಾವು ಕಂಡವರಂತೆ ಹಿಂದೆ ಸರಿದರು. "ಬ್ಯಾಡ್ರಿ, ಬ್ಯಾಡ್ರಿ! ನಮ್ಮ ಆಫೀಸಿನ್ಯಾಗೂ ಹಿಂಗ ಒಂದ ಕುರ್ಚಿ ಐತ್ರಿ. ಅಲ್ಲಿ ನಾ ಬೆಂಚಿನ ಮ್ಯಾಲ ಕುಂದರ್ತೀನಿ. ಈಗ ಬಡ್ತಿ ಪಟ್ಟಿ ಹೊಂಡಾಕತ್ತೈತಿ, ಇಂಥಾ ಹೊತ್ತಿನ್ಯಾಗ..."

ಅಕ್ಕೋರು ಸಾಹೇಬರಿಗೆ ನನ್ನನ್ನು ತಂದುಕೊಟ್ಟರು. ಅವರು ನನ್ನ ಎತ್ತರ ನೋಡಿ, ಹೊಟ್ಟೆ ನೋಡಿಕೊಂಡು, ಅಲ್ಲೇ ಮೂಲೆಯಲ್ಲಿದ್ದ ಅಕ್ಕಿಯ ಚೀಲದ ಮೇಲೆ ಕೂತರು. ತಪಾಸಣೆ ಅಕ್ಕಿಯ ಚೀಲದ ಮೇಲಿಂದಲೇ ಆಯಿತು. ಸಾವಂತ್ರವ್ವ ಮತ್ತೆ ಕುರ್ಚಿಯಲ್ಲಿ ಕೂತು ಸುಲಿದು ಸುಲಿದು ಕೊಟ್ಟಳು. ಹೋಗುವಾಗ ಸಾಹೇಬರು ಆಕೆಯ ಕಾಲಿಗೆ ನಮಸ್ಕಾರ ಮಾಡಿ, ಅಕ್ಕೋರಿಗೆ, "ಪಟ್ಟಿಯೊಳಗ ನಿಮ್ಮ ಹೆಸರು ಮ್ಯಾಲ ಐತ್ರಿ. ಧೈರ್ಯ ಇರ್ಲಿ" ಎಂದರು.

ಬಂತು ನೋಡಿ. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಆರ್ಡರು ಬಂತು. ಅಕ್ಕೋರಿಗೆ ಆ ಮೇ ತಿಂಗಳ ಕೊನೆಗೆ ನಿವೃತ್ತಿ. ಗುಡಗೇರಿ ಸರ್ ಸೈಕಲ್ಲು ತುಳಿದು ಪೇಟೆಗೆ ಹೋಗಿ ಪೇಡೆ ತಂದರು. ಪಡಸಾಲೆಯಲ್ಲಿ ನನ್ನ ಮೇಲೆ ಕೂತು ಅಕ್ಕೋರು ಆರ್ಡರನ್ನು ಗಟ್ಟಿಯಾಗಿ ಓದಿದರು. ಮಾಗಳಹಾಳ ಎಂಬ ಊರಿನ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿ ಎಂದು ಬಡ್ತಿ. ಹದಿನೈದು ದಿನದೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಬಡ್ತಿ ರದ್ದು. ಅವರ ದನಿ ನಡುಗುತ್ತಿತ್ತು. ನಾನೂ ಕೆಳಗೆ ಸಣ್ಣಗೆ ನಡುಗಿದೆ.

ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಮೆಲ್ಲಗೆ ಓದಿದರು: ಬದಲಿ ಶಿಕ್ಷಕರು ಹಾಜರಾದ ನಂತರವೇ ಶಾಲೆಯ ಮುಖ್ಯಸ್ಥರು ಸದರಿಯವರನ್ನು ಬಿಡುಗಡೆ ಮಾಡತಕ್ಕದ್ದು.

ಗುಡಗೇರಿ ಸರ್ ಬಾಯಿಗಿಟ್ಟ ಪೇಡೆ ಹಾಗೇ ನಿಂತಿತು. "ಬದಲಿ ಶಿಕ್ಷಕರು? ತಗೋಳೂದನ್ನ ನಿಲ್ಲಿಸ್ಯಾರಲ್ರಿ, ಎಲ್ಲಿಂದ ಬರಬೇಕು?"

"ಅದ ನಾನೂ ನೋಡಾಕತ್ತೀನಿ."

"ಶಾಲೆಯ ಮುಖ್ಯಸ್ಥರು ಮನಸ್ಸ ಮಾಡಿದ್ರ ಹಂಗ ಬಿಡಬಹುದೇನು?"

"ಬಿಡಬಹುದು. ಯಾರ ಕೇಳ್ತಾರ?"

"ಮತ್ತೇನೈತಿ! ಯಾರ್ರಿ ಮುಖ್ಯಸ್ಥರು?"

"ನಾನ" ಎಂದರು ಅಕ್ಕೋರು.

ಹತ್ತನೇ ತರಗತಿಯ ಕಿಟಕಿಯಲ್ಲಿ ಒಂದರ ಮೇಲೊಂದು ತಲೆಗಳು ಹುಟ್ಟಿದ್ದವು. ಅವರಿಗೆ ಬೋರ್ಡಿನ ಪರೀಕ್ಷೆ ಹತ್ತಿರದಲ್ಲಿತ್ತು. ಒಬ್ಬ ಹುಡುಗಿ ಕೇಳಿಯೇಬಿಟ್ಟಳು: "ಅಕ್ಕೋರ, ನೀವು ಹೋದ್ರ ನಮಗ ಗಣಿತಾ ಯಾರ ಹೇಳ್ತಾರ್ರಿ?"

"ನಾ ಹೇಳ್ತೀನಿ ತಗೋವಾ, ಅದೇನ ಮಹಾ!" ಎಂದು ಗುಡಗೇರಿ ಸರ್ ಎದೆಯುಬ್ಬಿಸಿದರು. ಮನುಷ್ಯ ಒಳ್ಳೆಯವರು, ಅಕ್ಕೋರು ಹೋಗಲಿ ಎಂಬ ಆಸೆಯಿಂದಲೇ ಹೇಳಿದ್ದು. ಮರುದಿನ ಪರೀಕ್ಷಾರ್ಥ ಒಂದು ಪಾಠ ಮಾಡಿದರು. ಅಕ್ಕೋರು ಪಡಸಾಲೆಯಲ್ಲಿ ನನ್ನ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿದರು. ವೃತ್ತಕ್ಕೆ ಸ್ಪರ್ಶಕ ಎಳೆಯುವ ಪಾಠ. ಗುಡಗೇರಿ ಸರ್ ಚೆಂದಾಗಿ ವೃತ್ತ ಬರೆದರು. ಸ್ಪರ್ಶಕ ವೃತ್ತವನ್ನು ಒಂದೇ ಕಡೆ ಯಾಕೆ ಮುಟ್ಟುತ್ತದೆ ಎಂದು ಒಬ್ಬ ಎದ್ದು ಕೇಳಿದ. "ಒಂದ ಸಲ ಮುಟ್ಟಿದ್ರ ಔಟ್ ಅಲ್ಲೇನೋ! ಮತ್ತ ಯಾಕ ಮುಟ್ಟಬೇಕು?" ಎಂದರು ಸರ್. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಅಕ್ಕೋರು ಕಣ್ಣು ತೆರೆದು, ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ಅಂದು ಶಾಲೆ ಬಿಟ್ಟ ಮೇಲೆ ನನ್ನನ್ನು ಖೋಲಿಯೊಳಗೆ ತಂದರು. ಸಾವಂತ್ರವ್ವ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಅಕ್ಕೋರು ಟೇಬಲ್ಲಿನ ಈಚೆ ನಿಂತು, ಗಣಿತದ ಅಕ್ಕೋರಾಗಿ ಒಂದು ಅರ್ಜಿ ಬರೆದರು: ದಯವಿಟ್ಟು ನನ್ನನ್ನು ಬಿಡುಗಡೆ ಮಾಡಬೇಕು. ಗುಮಾಸ್ತರಾಗಿ ಅದಕ್ಕೆ ಶಿಕ್ಕಾ ಒತ್ತಿದರು. ಸಿಪಾಯಿಯಾಗಿ ಆಚೆ ಬದಿಗೆ ಒಯ್ದಿಟ್ಟರು. ಆಮೇಲೆ ಸುತ್ತಿ ಬಂದು, ನನ್ನ ಮೇಲೆ ಹತ್ತಿ ಕೂತು, ಹೆಡ್ ಬಾಯಿಯಾಗಿ ಓದತೊಡಗಿದರು.

ಬಹಳ ಹೊತ್ತು ಓದಿದರು. ನಾಲ್ಕು ಸಾಲಿನ ಅರ್ಜಿಗೆ ಅಷ್ಟು ಹೊತ್ತು ಯಾಕೆ?

"ಏನ ಅಂತಾರ ಹೆಡ್ ಬಾಯಿ?" ಎಂದಳು ಸಾವಂತ್ರವ್ವ.

"ದೇವರು ವರಾ ಕೊಟ್ರೂ ಪೂಜಾರಿ ಕೊಡೂದಿಲ್ಲ ಅಂತಾರಲ್ಲ ಯವ್ವಾ. ಇಲ್ಲಿ ಬೇಡಾಕಿನೂ ನಾನ, ಪೂಜಾರಿನೂ ನಾನ."

"ಪೂಜಾರಿಗೆ ಒಂದಿಷ್ಟ ದಕ್ಷಿಣಿ ಕೊಟ್ಟು ನೋಡು."

ಅಕ್ಕೋರು ನಕ್ಕರು. ನಗುವಿನ ಜೊತೆಗೆ ಒಂದು ಹನಿ ನನ್ನ ಹಲಗೆಯ ಅಂಚಿಗೆ ಬಿತ್ತು. ಬೇವಿನ ಕಟ್ಟಿಗೆ, ಕುಡಿದುಬಿಟ್ಟೆ. ಆಮೇಲೆ ಬಾವಿಗೆ ಬಗ್ಗಿದಂತೆ ಬಗ್ಗಿ, ಬದಲಿ ಶಿಕ್ಷಕರು ಇಲ್ಲದ ಕಾರಣ ಮನವಿಯನ್ನು ಪರಿಗಣಿಸಲು ಬರುವುದಿಲ್ಲ ಎಂದು ಬರೆದು ಸಹಿ ಹಾಕಿದರು. ಇಳಿದು, ಈಚೆ ಬಂದು, ಅದನ್ನು ಗಣಿತದ ಅಕ್ಕೋರಾಗಿ ಓದಿಕೊಂಡರು.

"ಎಂಥಾ ಕಲ್ಲೆದಿ ಹೆಂಗಸಿದು!" ಎಂದರು.

ಸಾವಂತ್ರವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. "ಬ್ಯಾರೇದಾವ್ರು ಒಲ್ಲೆ ಅಂದಿದ್ರ ಕೋಲ ಹಿಡಕೊಂಡು ಹೋಗಿ ಬೈದು ಬರ್ತಿದ್ದೆ. ಈಗ ಯಾರನ್ನ ಬೈಲಿ ನಾನು? ನಡಿ, ಮನಿಗಿ ಹೋಗೂಣು" ಎಂದು ಮಗಳ ಭುಜ ಹಿಡಿದು ಎದ್ದಳು.

ಹದಿನೈದು ದಿನ ಕಳೆದು ಬಡ್ತಿ ರದ್ದಾಯಿತು. ಮಾಗಳಹಾಳದ ಶಾಲೆಯನ್ನು ಅಲ್ಲಿಯವರೇ ಒಬ್ಬರು ಪ್ರಭಾರ ನೋಡಿಕೊಂಡರಂತೆ. ಇಲ್ಲಿ ಪರೀಕ್ಷೆ ನಡೆಯಿತು. ಗಣಿತದಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಪಾಸಾದರು. ಆ ಒಬ್ಬ ಪರೀಕ್ಷೆಯ ದಿನ ಅಕ್ಕನ ಮದುವೆಯಲ್ಲಿ ಬುಂದೆ ಬಡಿಸುತ್ತಿದ್ದ. ಮೇ ಕೊನೆಗೆ ಅಕ್ಕೋರಿಗೂ ಶಾಲು, ಹಾರ ಆಯಿತು. ಆಮಂತ್ರಣದಲ್ಲಿ ಅವರ ಹೆಸರಿನ ಮುಂದೆ ಪ್ರಭಾರ ಎಂದು ಹಾಕಲು ಗುಡಗೇರಿ ಸರ್‌ಗೆ ಮನಸ್ಸು ಬರಲಿಲ್ಲ. ಹಾಕದೆ ಬಿಡಲು ಧೈರ್ಯ ಬರಲಿಲ್ಲ. ಕೊನೆಗೆ "ನಮ್ಮ ಅಕ್ಕೋರು" ಎಂದಷ್ಟೇ ಅಚ್ಚು ಹಾಕಿಸಿದರು.

ಜೂನಿನಲ್ಲಿ ಶಾಲೆ ಶುರುವಾದಾಗ ಪ್ರಭಾರ ಗುಡಗೇರಿ ಸರ್‌ಗೆ ಬಂತು, ಅದರ ಜೊತೆ ನಾನೂ ಬಂದೆ. ಅವರು ಮೊದಲ ಸಲ ಕೂತಾಗ ನನ್ನ ಬೇವಿನ ಮೈಯೆಲ್ಲ ಕಹಿಯಾಯಿತು. ಅಷ್ಟು ತೂಕ! ಗಣಿತದ ಜಾಗ ಖಾಲಿ. ಕಾಯಂ ಆಗಿ ಯಾರನ್ನೂ ತಗೊಳ್ಳುವಂತಿಲ್ಲ, ಬೇಕಿದ್ದರೆ ಅತಿಥಿ ಶಿಕ್ಷಕರನ್ನು ಇಟ್ಟುಕೊಳ್ಳಿ ಎಂದು ಮೇಲಿನಿಂದ ಹೇಳಿದರು. ಕಲ್ಲಹೊಂಡಕ್ಕೆ ಯಾವ ಅತಿಥಿ ಬರಬೇಕು?

ಬಂದರು. ಒಂದು ಬೆಳಿಗ್ಗೆ ಛತ್ರಿ ಮಡಚುತ್ತ ಗಿಡ್ಡನೆಯ, ದುಂಡನೆಯ ಅತಿಥಿ ಬಾಗಿಲಲ್ಲಿ ನಿಂತರು. "ಮನ್ಯಾಗ ಕುಂದ್ರಾಕ ಆಗವಲ್ದು. ನಮ್ಮವ್ವನೂ ನೂಕಿ ಕಳಿಸಿದ್ಲು. ಗಣಿತಾ ಹೇಳಾಕ ಬಂದೀನ್ರಿ, ತಗೋತೀರೇನು?" ಎಂದರು.

ಗುಡಗೇರಿ ಸರ್ ನನ್ನ ಮೇಲಿಂದ ಇಳಿದು ನಿಂತರು. ಹಾಜರಿ ಹಾಕಿಸಿಕೊಂಡರು. ಆಮೇಲೆ ಏನೋ ಹೊಳೆದವರಂತೆ ಮತ್ತೆ ಹತ್ತಿ ಕೂತು, ಒಂದು ಹಾಳೆ ತೆಗೆದು ಗಂಭೀರವಾಗಿ ಬರೆದು, ಶಿಕ್ಕಾ ಒತ್ತಿ, ಎರಡೂ ಕೈಯಿಂದ ಕೊಟ್ಟರು. ಅಕ್ಕೋರು ಕನ್ನಡಕ ಏರಿಸಿ ಓದಿದರು: ಬದಲಿ ಶಿಕ್ಷಕಿ ಶ್ರೀಮತಿ ಅನಸೂಯಾ ಹೂಗಾರ ಇವರು ಇಂದು ಹಾಜರಾದ ಕಾರಣ, ಶ್ರೀಮತಿ ಅನಸೂಯಾ ಹೂಗಾರ ಇವರನ್ನು ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಹೋಗಲು ಈ ಮೂಲಕ ಬಿಡುಗಡೆ ಮಾಡಲಾಗಿದೆ.

ಅಕ್ಕೋರು ಗೋಡೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಹಾಳೆಯನ್ನು ಮಡಚಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು.

"ಬಿಡುಗಡೆ ಆತು. ಇನ್ನ ಯಾವ ಊರಿಗೆ ಹೋಗ್ಲೆಪಾ?"

"ಹತ್ತನೇತ್ತಾಕ್ಕ ಹೋಗ್ರಿ ಅಕ್ಕೋರ, ಹುಡುಗುರು ಗದ್ದಲಾ ಹಾಕಾಕತ್ತಾರ."

ಹೋದರು. ಆ ದಿನ ಪಡಸಾಲೆಯಲ್ಲಿ ನಾನು ಬೇಕಾಗಲಿಲ್ಲ. ಫೋನು, ಬೇಳೆ, ಬೀಗದ ಕೈ ಯಾವುದೂ ಅವರದಲ್ಲ. ಬಾಗಿಲು ಮುಂದೆ ಮಾಡಿಕೊಂಡು ಬರೀ ಗಣಿತ ಹೇಳಿದರು. ಅವರ ದನಿ ಅಷ್ಟು ಹಗುರಾಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ.

ಗುಡಗೇರಿ ಸರ್ ಕೆಳಗೆ ನಾನು ಹೆಚ್ಚು ಕಾಲ ಬಾಳಲಿಲ್ಲ. ಒಂದು ಕಾಲು ಸೀಳಿತು. ಕಾಳಪ್ಪನ ಮೊಮ್ಮಗ ಬಂದು, ಸೀಳಿದ್ದರ ಜೊತೆಗೆ ಉಳಿದ ಮೂರನ್ನೂ ಅರ್ಧಕ್ಕೆ ಕೊಯ್ದು ಗಿಡ್ಡ ಮಾಡಿದ. ಈಗ ನಾನಿರುವುದು ಬಿಸಿಯೂಟದ ಅಡುಗೆ ಕೋಣೆಯ ಮೂಲೆಯಲ್ಲಿ. ಅಡುಗೆಯ ಯಲ್ಲವ್ವ ನನ್ನ ಮೇಲೆ ಕೂತು ಅಕ್ಕಿಯಲ್ಲಿನ ಹರಳು ಆರಿಸುತ್ತಾಳೆ. ಹೊಗೆಗೆ ಮೈ ಕಪ್ಪಾಗಿದೆ, ಒಲೆಯ ಕಾವಿಗೆ ಕೀಲು ಸಡಿಲಾಗಿವೆ. ಗೆದ್ದಲು ಮಾತ್ರ ಹತ್ತಿಲ್ಲ.

ಯಲ್ಲವ್ವನ ಕೆಲಸವೂ ತಾತ್ಕಾಲಿಕವಂತೆ. ಅವಳು ಬಂದು ಬಹಳ ವರ್ಷವಾಯಿತು. ಕಾಯಂ ಎನ್ನಿಸಿಕೊಂಡ ಯಾರೂ ಇದುವರೆಗೆ ನನ್ನ ಮೇಲೆ ಕೂತಿಲ್ಲ. ಹಾಗೆಂದು ಯಾರೂ ತಾತ್ಕಾಲಿಕವಾಗಿ ಕೂತದ್ದೂ ಇಲ್ಲ. ಕೂತವರೆಲ್ಲ ಪೂರ್ತಿ ತೂಕ ಬಿಟ್ಟೇ ಕೂತರು. ಹೊತ್ತ ನನಗಲ್ಲದೆ ಅದು ಮತ್ತ್ಯಾರಿಗೆ ಗೊತ್ತಾಗಬೇಕು?